ಐವತ್ತು ಪೌಂಡಿನ ಹೆಸರು

1885ನೆಯ ಇಸವಿಯಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನ ಪತ್ರಿಕೆಯೊಂದರಲ್ಲಿ ಒಂದು ಪುಟ್ಟ ಪ್ರಕಟಣೆ ಕಾಣಿಸಿಕೊಂಡಿತು. ವಿಯೆನ್ನಾದ ಪಾಲಿಸಾ ಎಂಬವರು ಮರುವರ್ಷದ ಆಗಸ್ಟ್ ತಿಂಗಳ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ಪ್ರಯಾಣ ಹೊರಡಬೇಕೆಂದಿದ್ದಾರೆ. ಅದರ ವೆಚ್ಚಕ್ಕಾಗಿ, ತಾವು ಕಂಡುಹಿಡಿದ 244ನೆಯ ಕ್ಷುದ್ರಗ್ರಹಕ್ಕೆ ಹೆಸರಿಡುವ ಹಕ್ಕನ್ನು 50 ಪೌಂಡಿಗೆ ಮಾರಲು ಸಿದ್ಧರಿದ್ದಾರೆ. ಇಷ್ಟೇ ಅದರ ಸಾರಾಂಶ. ಮನೆಯ ಮಾರಾಟ, ಜಮೀನಿನ ಮಾರಾಟಗಳನ್ನು ನಾವು ಬಲ್ಲೆವು. ಆಕಾಶದಲ್ಲಿ ತಿರುಗುವ ವಸ್ತುವಿನ ಹೆಸರನ್ನು ಹೀಗೆ ಬೆಲೆ ಕಟ್ಟಿ ಸಂತೆಗೆ ತಂದದ್ದು ಅಂದಿನ ಓದುಗರಿಗೆ ವಿಚಿತ್ರವಾಗಿ ತೋರಿರಬೇಕು.

ಯೋಹಾನ್ ಪಾಲಿಸಾ ಹಣದ ವ್ಯಾಪಾರಿಯಲ್ಲ. 1848ರಲ್ಲಿ ಆಸ್ಟ್ರಿಯಾದ ಸೈಲೀಷಿಯಾ ಪ್ರಾಂತದಲ್ಲಿ ಹುಟ್ಟಿದ ಆತ ಮೊದಲು ಪೋಲಾ ಬಂದರಿನ ನೌಕಾ ವೀಕ್ಷಣಾಲಯದಲ್ಲಿಯೂ, ಬಳಿಕ ವಿಯೆನ್ನಾದಲ್ಲಿಯೂ ರಾತ್ರಿಗಳನ್ನು ಕಳೆದ. ಛಾಯಾಚಿತ್ರದ ನೆರವಿಲ್ಲದೆ, ದೂರದರ್ಶಕಕ್ಕೆ ಕಣ್ಣಿಟ್ಟು ಕುಳಿತೇ ಆತ ಹುಡುಕಿದ ಕ್ಷುದ್ರಗ್ರಹಗಳು 122. ಕಂಡುಹಿಡಿದವನೇ ಹೆಸರಿಡುವುದು ಆ ಕಾಲದ ವಾಡಿಕೆ. ಪಾಲಿಸಾನ ಬಳಿ ಮಾರಲು ಬೇರೇನೂ ಇರಲಿಲ್ಲ. ಹೆಸರುಗಳು ಮಾತ್ರ ಧಾರಾಳವಾಗಿ ಇದ್ದವು.

ಕೊಳ್ಳುವವರೂ ಸಿಕ್ಕಿದರು. ವಿಯೆನ್ನಾದ ಕುಬೇರ ಆಲ್ಬರ್ಟ್ ರಾಥ್‌ಚೈಲ್ಡ್ ಹಣ ಕೊಟ್ಟು, ತನ್ನ ಮಡದಿಯ ಹೆಸರನ್ನು ಇಡಿಸಿದ. ಆದರೆ ಆ ಹೆಸರು ಬಂದದ್ದು 244ಕ್ಕಲ್ಲ, 1885ರ ಸೆಪ್ಟೆಂಬರಿನಲ್ಲಿ ಹೊಸದಾಗಿ ಸಿಕ್ಕಿದ 250ನೆಯ ಕ್ಷುದ್ರಗ್ರಹಕ್ಕೆ. ಅದೇ ಇಂದಿನ ‘ಬೆಟೀನಾ’. ಪ್ರಕಟಣೆಯಲ್ಲಿ ಮಾರಾಟಕ್ಕಿದ್ದ 244ರ ಗತಿ ಏನಾಯಿತು? ನಮ್ಮ ಓದುಗರು ಕೇಳಿ ಸಂತೋಷಪಡಬಹುದಾದ ಸಂಗತಿ ಅದು: ಅದಕ್ಕೆ ‘ಸೀತಾ’ ಎಂದು ಹೆಸರಾಯಿತು. ಜನಕನ ಮಗಳಿಗೆ ಶ್ರೀಮಂತನ ಹಣದ ಹಂಗು ಬೇಕಾಗಲಿಲ್ಲ.

ಪಾಲಿಸಾನನ್ನು ಹಳಿಯುವ ಮೊದಲು ಇತಿಹಾಸದ ಹಿಂದಿನ ಪುಟಗಳನ್ನು ತಿರುವಿ ನೋಡುವುದು ನ್ಯಾಯ. 1610ರ ಜನವರಿಯಲ್ಲಿ ಗೆಲಿಲಿಯೊ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡ. ಎರಡು ತಿಂಗಳೊಳಗೆ ಪುಸ್ತಕ ಅಚ್ಚಾಗಿ ಬಂತು. ಅದರಲ್ಲಿ ಆ ನಾಲ್ಕಕ್ಕೂ ಫ್ಲಾರೆನ್ಸಿನ ದೊರೆಯ ಮನೆತನದ ಮೇಲೆ ‘ಮೆಡಿಚಿ ನಕ್ಷತ್ರಗಳು’ ಎಂದು ಹೆಸರಿತ್ತು. ಅಮೃತಶಿಲೆ, ಕಂಚುಗಳ ವಿಗ್ರಹಗಳೆಲ್ಲ ಕಾಲಕ್ಕೆ ಬಲಿಯಾಗುತ್ತವೆ, ಆಕಾಶದ ಸ್ಮಾರಕಕ್ಕೆ ಆ ಭಯವಿಲ್ಲ ಎಂಬ ಧಾಟಿಯ ಅರ್ಪಣೆಯೂ ಇತ್ತು. ಅದೇ ವರ್ಷ ಗೆಲಿಲಿಯೊ ಆ ದೊರೆಯ ಆಸ್ಥಾನದಲ್ಲಿ ಗಣಿತಜ್ಞನೂ ತತ್ತ್ವಜ್ಞಾನಿಯೂ ಆಗಿ ನೇಮಕಗೊಂಡ. 1781ರಲ್ಲಿ ವಿಲಿಯಂ ಹರ್ಷೆಲ್ ಹೊಸ ಗ್ರಹವನ್ನು ಕಂಡು, ಅದನ್ನು ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಹೆಸರಿನಲ್ಲಿ ಕರೆದ. ಮರುವರ್ಷವೇ ಅವನಿಗೆ ವರ್ಷಕ್ಕೆ 200 ಪೌಂಡಿನ ವೇತನ ದೊರೆಯಿತು. ಇವನ್ನು ಯಾರೂ ಮಾರಾಟವೆನ್ನಲಿಲ್ಲ, ಭಕ್ತಿಯೆಂದರು. ಪಾಲಿಸಾ ಮಾಡಿದ ಹೊಸ ಕೆಲಸವೆಂದರೆ ಬೆಲೆಯನ್ನು ಬಾಯಿಬಿಟ್ಟು ಹೇಳಿದ್ದು.

ಆದರೂ ಆ ರಾಜಭಕ್ತಿಯ ಹೆಸರುಗಳು ನಿಲ್ಲಲಿಲ್ಲ. ಗುರುವಿನ ಚಂದ್ರರು ಇಂದು ಅಯೋ, ಯೂರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ. ಜಾರ್ಜನ ಗ್ರಹ ಇಂದು ಯುರೇನಸ್. ಕಾರಣ ಸರಳ. ಹೆಸರನ್ನು ಇಡುವವನು ಒಬ್ಬ, ಕರೆಯುವವರು ನೂರು ಜನ. ಫ್ರಾನ್ಸಿನವನೂ ಜರ್ಮನಿಯವನೂ ಇಂಗ್ಲೆಂಡಿನ ದೊರೆಯ ಹೆಸರನ್ನು ದಿನವೂ ಏಕೆ ಜಪಿಸಬೇಕು? ಕರೆಯುವವರಿಲ್ಲದ ಹೆಸರು ಕಲ್ಲಿನಲ್ಲಿ ಕೊರೆದರೂ ಉಳಿಯದು.

ಈ ಗೊಂದಲಕ್ಕೆ ಒಂದು ಕಟ್ಟುಪಾಡು ಬಂದದ್ದು 1919ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಸ್ಥಾಪನೆಯಾದ ಮೇಲೆ. ಒಕ್ಕೂಟ ಹೆಸರುಗಳನ್ನು ಒಪ್ಪುತ್ತದೆ, ಮಾರುವುದಿಲ್ಲ. ಹಾಗಿದ್ದರೂ 1979ರಿಂದೀಚೆಗೆ ಪಶ್ಚಿಮ ದೇಶಗಳಲ್ಲಿ ‘ನಿಮ್ಮ ಹೆಸರಿನ ನಕ್ಷತ್ರ’ವನ್ನು ಮಾರುವ ಅಂಗಡಿಗಳು ಎದ್ದಿವೆ. ಹಣ ಕೊಟ್ಟವರಿಗೆ ಒಂದು ಅಂದವಾದ ಪ್ರಮಾಣಪತ್ರ, ಒಂದು ನಕ್ಷೆ. ಮಡಿದ ಮಗುವಿನ ಹೆಸರನ್ನು ಆಕಾಶದಲ್ಲಿ ಕಾಣುವ ಆಸೆಯಿಂದ ತಾಯಿತಂದೆಗಳು ಕೊಳ್ಳುವುದೂ ಉಂಟು. ಆ ಹೆಸರು ಅಂಗಡಿಯ ಖಾತೆಪುಸ್ತಕದ ಆಚೆಗೆ ಎಲ್ಲಿಯೂ ಇಲ್ಲ. ಯಾವ ವಿಜ್ಞಾನಿಯೂ ಅದನ್ನು ಬಳಸುವುದಿಲ್ಲ. ಪಾಲಿಸಾ ತನ್ನದಾದ ಹಕ್ಕನ್ನು ಮಾರಿದ. ಇವರು ತಮ್ಮದಲ್ಲದ್ದನ್ನು ಮಾರುತ್ತಾರೆ. ಎರಡಕ್ಕೂ ಇರುವ ಅಂತರ ಸಣ್ಣದಲ್ಲ.

ಈ ಕಥೆಗೆ ನಮ್ಮ ಕಾಲದಲ್ಲಿ ಒಂದು ಹೊಸ ಅಧ್ಯಾಯ ಸೇರಿದೆ. 1984ರಲ್ಲಿ ಕೇಂಬ್ರಿಜಿನ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್, ‘ಎಲೀಟ್’ ಎಂಬ ಕಂಪ್ಯೂಟರ್ ಆಟವನ್ನು ರಚಿಸಿದರು. ಆಟಗಾರ ಆಕಾಶನೌಕೆಯನ್ನೇರಿ ಲೋಕದಿಂದ ಲೋಕಕ್ಕೆ ವ್ಯಾಪಾರಕ್ಕೆ ಹೋಗಬೇಕು. 8 ಬ್ರಹ್ಮಾಂಡಗಳು, ಒಂದೊಂದರಲ್ಲಿ 256 ಲೋಕಗಳು. ಅಂದಿನ ಪುಟ್ಟ ಯಂತ್ರದ ನೆನಪಿನಲ್ಲಿ ಇಷ್ಟೊಂದು ಹೆಸರುಗಳಿಗೆ ಜಾಗವೆಲ್ಲಿ? ಆದ್ದರಿಂದ ಎರಡೆರಡು ಅಕ್ಷರದ ತುಣುಕುಗಳನ್ನು ಲೆಕ್ಕದ ಸೂತ್ರವೊಂದರಂತೆ ಜೋಡಿಸಿ, ಬೇಕಾದಾಗ ಹೆಸರು ಹುಟ್ಟುವಂತೆ ಮಾಡಿದರು. ಸೂತ್ರಕ್ಕೆ ಮಾನಮರ್ಯಾದೆ ತಿಳಿಯದು. ಒಂದು ಬ್ರಹ್ಮಾಂಡದಲ್ಲಿ ಇಂಗ್ಲಿಷಿನ ಬೈಗುಳವೇ ಲೋಕದ ಹೆಸರಾಗಿ ಬಂದು, ಆ ಬ್ರಹ್ಮಾಂಡವನ್ನೇ ಕೈಬಿಡಬೇಕಾಯಿತಂತೆ.

2012ರ ಕೊನೆಗೆ ಬ್ರೇಬೆನ್ ಆ ಆಟದ ಹೊಸ ರೂಪಕ್ಕಾಗಿ ಸಾರ್ವಜನಿಕರ ಮುಂದೆ ಜೋಳಿಗೆ ಹಿಡಿದರು. 25 ಸಾವಿರಕ್ಕೂ ಹೆಚ್ಚು ಜನ ಸೇರಿ 15 ಲಕ್ಷ ಪೌಂಡಿಗೂ ಮಿಕ್ಕಿ ಕೊಟ್ಟರು. ಕೊಡುಗೆ ದೊಡ್ಡದಾದಂತೆ ಪ್ರತಿಫಲವೂ ದೊಡ್ಡದು. ಧಾರಾಳವಾಗಿ ಕೊಟ್ಟವರಿಗೆ ಆಟದೊಳಗಿನ ನಕ್ಷತ್ರಮಂಡಲಕ್ಕೆ ಹೆಸರಿಡುವ ಭಾಗ್ಯ. 2014ರ ಡಿಸೆಂಬರಿನಲ್ಲಿ ಹೊರಬಂದ ‘ಎಲೀಟ್ ಡೇಂಜರಸ್’ನಲ್ಲಿ ನಮ್ಮ ಆಕಾಶಗಂಗೆಯ ಮಾದರಿಯಲ್ಲಿಯೇ 40,000 ಕೋಟಿ ನಕ್ಷತ್ರಮಂಡಲಗಳಿವೆ. ಹೆಸರಿಗೆ ಬರವಿಲ್ಲ.

ಇದು ಮೋಸವೇ? ನನಗೆ ಹಾಗೆ ತೋರುವುದಿಲ್ಲ. ತಾನೇ ಕಟ್ಟಿದ ಲೋಕದ ಹೆಸರನ್ನು ಕಟ್ಟಿದವನು ಮಾರುತ್ತಾನೆ; ಅಲ್ಲಿ ಸಂಚರಿಸುವ ಇತರರು ಆ ಹೆಸರಿನಿಂದಲೇ ದಾರಿ ಹುಡುಕುತ್ತಾರೆ. ಪ್ರಮಾಣಪತ್ರದ ನಕ್ಷತ್ರಕ್ಕೆ ದೊರೆಯದ ಕರೆಯುವ ಬಾಯಿಗಳು ಇದಕ್ಕೆ ದೊರೆತಿವೆ. ಆದರೆ ಇದಕ್ಕೂ ಒಂದು ಆಯುಷ್ಯವುಂಟು: ಯಂತ್ರಗಳು ನಿಂತ ದಿನ ಆ ಆಕಾಶವೂ ಹೆಸರುಗಳೂ ಒಟ್ಟಿಗೇ ಆರುತ್ತವೆ. ಶಾಸನಗಳಲ್ಲಿ ‘ಆಚಂದ್ರಾರ್ಕ’ ಎಂದು ಬರೆಸಿದ ನಮ್ಮ ದಾನಿಗಳ ಆಸೆ ಇಲ್ಲಿ ನಡೆಯದು.

ನಿಜವಾದ ಆಕಾಶದಲ್ಲಿಯಾದರೂ ನಡೆಯುತ್ತದೆಯೆ? 1911ರಲ್ಲಿ ಆಲ್ಬರ್ಟ್ ರಾಥ್‌ಚೈಲ್ಡ್ ತೀರಿಕೊಂಡ. ಅದೇ ವರ್ಷ ಅಕ್ಟೋಬರಿನಲ್ಲಿ ಮುದುಕ ಪಾಲಿಸಾ ಇನ್ನೊಂದು ಕ್ಷುದ್ರಗ್ರಹವನ್ನು ಕಂಡ. ವೀಕ್ಷಣಾಲಯಕ್ಕೆ ಉದಾರವಾಗಿ ನೆರವಾಗಿದ್ದ ಆ ಹಳೆಯ ಮಹನೀಯನ ನೆನಪಿಗೆ ಅದಕ್ಕೆ ‘ಆಲ್ಬರ್ಟ್’ ಎಂದು ಹೆಸರಾಯಿತು, ಸಂಖ್ಯೆ 719. ಆದರೆ ಅದರ ದಾರಿ ಖಚಿತವಾಗುವ ಮೊದಲೇ ಅದು ಕಣ್ಮರೆಯಾಯಿತು. ಪಟ್ಟಿಯಲ್ಲಿ ಹೆಸರಿತ್ತು, ಆಕಾಶದಲ್ಲಿ ವಸ್ತು ಇರಲಿಲ್ಲ. 89 ವರ್ಷಗಳ ಬಳಿಕ, 2000ದಲ್ಲಿ, ಅಮೆರಿಕದ ವೀಕ್ಷಕರಿಗೆ ಹೊಸದೆಂಬಂತೆ ಸಿಕ್ಕಿದ ಒಂದು ಚುಕ್ಕೆಯ ದಾರಿಯನ್ನು ಹಿಂದಕ್ಕೆ ಲೆಕ್ಕಹಾಕಿದಾಗ ಅದು ಪಾಲಿಸಾನ ಆಲ್ಬರ್ಟ್ ಎಂದು ತಿಳಿಯಿತು.

ಹಣ ಕೊಟ್ಟು ಪಡೆದ ಹೆಂಡತಿಯ ಹೆಸರು ಒಂದು ದಿನವೂ ತಪ್ಪಿಹೋಗಲಿಲ್ಲ. ಕೃತಜ್ಞತೆಯಿಂದ ಬಂದ ಗಂಡನ ಹೆಸರು ಸುಮಾರು ಒಂದು ಶತಮಾನ ಕತ್ತಲಲ್ಲಿ ಅಲೆಯಿತು. ಅದನ್ನು ಮರಳಿ ತಂದದ್ದು ರಾಥ್‌ಚೈಲ್ಡನ ಹಣವಲ್ಲ. ಹಳೆಯ ಲೆಕ್ಕವನ್ನು ಬಿಡದೆ ಜೋಪಾನ ಮಾಡಿಕೊಂಡು ಬಂದವರ ತಾಳ್ಮೆ.