ಮಳೆಗಾಲದ ತಲೆಗೆ ಕಟ್ಟಿದ ಬಿರುಕು

ಸಿನಿಮಾದಲ್ಲಿ ಹೀರೋ ಅಂಗೈ ಮೇಲೆ ಉರುಳಿಸುತ್ತಾನಲ್ಲ, ಆ ಹೊಳೆಯುವ ವಸ್ತುವನ್ನು ನಾವೆಲ್ಲ ಗುಂಡು ಅಂತೀವಿ. ಅದು ನಿಜವಾಗಿ ಕಾಡತೂಸು. ಗುಂಡು ಅಂದರೆ ಅದರ ತುದಿಯಲ್ಲಿರುವ ಚೂಪು ಭಾಗ ಮಾತ್ರ. ಹಿಂದಿರುವುದು ಮದ್ದು ತುಂಬಿದ ಹಿತ್ತಾಳೆಯ ಕೇಸ್. ರೈಫಲ್ಲಿನ ಕೇಸನ್ನು ಸರಿಯಾಗಿ ನೋಡಿ: ಸೋಡಾ ಬಾಟಲಿಯ ಹಾಗೆ ಹೊಟ್ಟೆ ದಪ್ಪ, ಭುಜ ಇಳಿಜಾರು, ಕುತ್ತಿಗೆ ಸಣ್ಣ. ಗುಂಡು ಕೂತಿರುವುದು ಆ ಕುತ್ತಿಗೆಯಲ್ಲಿ.

ಅದನ್ನು ಅಲ್ಲಿ ಹಿಡಿದಿಟ್ಟಿರುವುದು ಏನು? ಅಂಟಲ್ಲ, ಸ್ಕ್ರೂ ಅಲ್ಲ. ಕುತ್ತಿಗೆಯ ಒಳ ಅಳತೆ ಗುಂಡಿಗಿಂತ ಒಂದು ಇಂಚಿನ ಸಾವಿರದಲ್ಲೊಂದೆರಡು ಭಾಗದಷ್ಟು ಕಡಿಮೆ ಇರುತ್ತದೆ. ಗುಂಡು ಒಳಗೆ ಇಳಿದಾಗ ಹಿತ್ತಾಳೆ ಕೂದಲೆಳೆಯಷ್ಟು ಹಿಗ್ಗಿ, ಮತ್ತೆ ಕುಗ್ಗಲು ನೋಡುತ್ತದೆ. ಆ ಕುಗ್ಗುವ ಹಟವೇ ಹಿಡಿತ. ಕೈಗೆ ತುಸು ಬಿಗಿಯಾಗಿ ಏರಿಸಿದ ಬಳೆ ಮಣಿಕಟ್ಟಿನಲ್ಲಿ ನಿಲ್ಲುವ ಹಾಗೆ, ಅಷ್ಟೇ.

ಹಿಡಿತ ತಪ್ಪಿದರೆ ಮಾತ್ರ ತಮಾಷೆಯಲ್ಲ. ಸಡಿಲ ಗುಂಡು ರೈಫಲ್ಲಿನೊಳಗೆ ಸಾಗುವಾಗ ಹಿಂದಕ್ಕೆ ಜಾರಿ ಮದ್ದಿನ ಜಾಗವನ್ನು ಕಿರಿದು ಮಾಡಬಹುದು. ಆಗ ಒಳಗಿನ ಒತ್ತಡ ಏರುತ್ತದೆ. ಅಥವಾ ಗುಂಡು ಕಳಚಿಕೊಂಡು ಮದ್ದು ಚೆಲ್ಲಬಹುದು. ಅಮೆರಿಕದಂಥ ಕಡೆ ಬಳಸಿದ ಕೇಸುಗಳನ್ನು ಮನೆಯಲ್ಲೇ ಮತ್ತೆ ತುಂಬುವ ಹವ್ಯಾಸಿಗಳಿದ್ದಾರೆ. ಗುಂಡು ಬೆರಳಿಗೇ ತಿರುಗಿದರೆ ಅವರು ಮೊದಲು ಗುಂಡಿನ ವ್ಯಾಸ ಅಳೆಯುತ್ತಾರೆ, ಆಮೇಲೆ ಕುತ್ತಿಗೆಯನ್ನು ಹಿಗ್ಗಿಸುವ ಉಪಕರಣದ ಅಳತೆ, ಆಮೇಲೆ ಕುತ್ತಿಗೆಯ ಗೋಡೆ ಎಷ್ಟು ತೆಳುವಾಗಿದೆ ಅನ್ನುವುದು. ಎಲ್ಲವೂ ಸರಿಯಿದ್ದರೆ ಉಳಿಯುವುದು ಒಂದೇ ಅನುಮಾನ: ಹಿತ್ತಾಳೆಯೇ ಸ್ವಭಾವ ಬದಲಿಸಿಕೊಂಡಿದೆ. ಬಡಿದಷ್ಟೂ, ಹಿಗ್ಗಿಸಿ ಕುಗ್ಗಿಸಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ. ಗಡುಸಾದ ಕುತ್ತಿಗೆ ಅಚ್ಚಿನಿಂದ ಹೊರಬಂದ ಕೂಡಲೇ ಮತ್ತೆ ಅಗಲವಾಗುತ್ತದೆ, ಕೊನೆಗೆ ಸೀಳುತ್ತದೆ. ಸೀಳಿದ ಕೇಸಿಗೆ ರಿಪೇರಿ ಇಲ್ಲ, ಕಸದ ಬುಟ್ಟಿಯೇ ಗತಿ.

ಒಮ್ಮೆಯೂ ಹಾರಿಸದ ಹೊಸ ಕಾಡತೂಸೇ ಸೀಳಿಬಿಟ್ಟರೆ? ಆ ಕಥೆ ನಡೆದದ್ದು ನಮ್ಮ ನೆಲದಲ್ಲೇ.

19ನೇ ಶತಮಾನದ ಕೊನೆಗೆ ಬ್ರಿಟಿಷ್ ಸೇನೆ ಹೊಸ ಕಾಲಕ್ಕೆ ಕಾಲಿಡುತ್ತಿತ್ತು. ಮಾರ್ಟಿನಿ-ಹೆನ್ರಿ ರೈಫಲ್ಲಿನ ಮೊದಲ ಕೇಸುಗಳು ತೆಳು ಹಿತ್ತಾಳೆ ತಗಡನ್ನು ಸುತ್ತಿ ಮಾಡಿದವು. 1888ರಲ್ಲಿ ಬಂದ .303 ರೈಫಲ್ಲಿಗೆ ಗಟ್ಟಿ ಹಿತ್ತಾಳೆಯನ್ನು ಎಳೆದು ಮಾಡಿದ ಬಾಟಲಿ ಕುತ್ತಿಗೆಯ ಕೇಸು. ನೂರರಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಬಿಲ್ಲೆಯನ್ನು ಬಟ್ಟಲಾಗಿಸಿ, ಬಟ್ಟಲನ್ನು ಎಳೆದೆಳೆದು ಕೊಳವೆಯಾಗಿಸುವುದು ಕ್ರಮ. ಪ್ರತಿ ಎಳೆತಕ್ಕೂ ಲೋಹ ಬಿಗಿಯುತ್ತದೆ, ನಡುನಡುವೆ ಕಾಯಿಸಿ ಅದನ್ನು ಮೆದು ಮಾಡಬೇಕು. ಬಿಂದಿಗೆ ಬಡಿಯುವ ಕಂಚುಗಾರರಿಗೆ ಇದು ತಲೆತಲಾಂತರದಿಂದ ಗೊತ್ತಿದ್ದ ಸಂಗತಿ.

.303ರಲ್ಲಿ ಒಂದು ತೊಡಕಿತ್ತು. ಅದರ ಮದ್ದು ಕಾರ್ಡೈಟ್, ಶಾವಿಗೆಯಂಥ ಎಳೆಗಳ ಕಟ್ಟು. ಆ ಕಟ್ಟು ಸಣ್ಣ ಕುತ್ತಿಗೆಯಲ್ಲಿ ಇಳಿಯುವುದಿಲ್ಲ. ಹಾಗಾಗಿ ಮೊದಲು ಎಳೆಗಳನ್ನು ತುಂಬಿ, ಆಮೇಲೆ ಕುತ್ತಿಗೆ ಒತ್ತಿ ಗುಂಡು ಕೂರಿಸುತ್ತಿದ್ದರು. ಮದ್ದು ಒಳಗಿರುವಾಗ ಕುತ್ತಿಗೆಯನ್ನು ಬೆಂಕಿಗೆ ಹಿಡಿಯುವಂತಿಲ್ಲವಲ್ಲ! ಕೊನೆಯ ಒತ್ತಿನ ಬಿಗುವು ಲೋಹದಲ್ಲೇ ಉಳಿಯಬೇಕು.

ಮಳೆಗಾಲದಲ್ಲಿ ದಂಡಿನ ಓಡಾಟ ಕಡಿಮೆ. ಕಾಡತೂಸಿನ ಪೆಟ್ಟಿಗೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದರೆ ಎಷ್ಟೋ ಕೇಸುಗಳಲ್ಲಿ ಬಿರುಕು. ಅದೂ ಹೆಚ್ಚಾಗಿ ಗುಂಡನ್ನು ಬಿಗಿದು ಹಿಡಿದ ಕುತ್ತಿಗೆಯಲ್ಲೇ. ಹೊಡೆತ ಬಿದ್ದಿಲ್ಲ, ತುಕ್ಕಿನ ಗುರುತೂ ಅಷ್ಟಿಲ್ಲ, ಲೋಹ ತಾನಾಗಿ ಬಾಯಿಬಿಟ್ಟಿದೆ. ಮಳೆಗಾಲದ ಜೊತೆ ಬರುವ ಬಿರುಕು ಅಂತ ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರೂ ಬಿತ್ತು.

ಹೆಸರು ಇಟ್ಟರೆ ಕಾರಣ ಸಿಕ್ಕಿತು ಅನ್ನಿಸಿಬಿಡುತ್ತದೆ, ಅಲ್ವಾ? ಆಫೀಸಿನಲ್ಲೂ ಹೀಗೇ. ‘ನೆಟ್‌ವರ್ಕ್ ಇಶ್ಯೂ’ ಅಂದುಬಿಟ್ಟರೆ ಮೀಟಿಂಗ್ ಮುಗಿಯುತ್ತದೆ. ಆದರೆ ಬರೀ ಮಳೆ ಹಿತ್ತಾಳೆಯನ್ನು ಸೀಳುವುದಾಗಿದ್ದರೆ ಮಲೆನಾಡಿನ ಮನೆಗಳಲ್ಲಿ ಒಂದು ಹಂಡೆಯೂ ಉಳಿಯುತ್ತಿರಲಿಲ್ಲ.

ಸರಿಯಾದ ಉತ್ತರ ಬಂದದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಲೋಹತಜ್ಞರು ಅಪರಾಧಿ ಒಬ್ಬನಲ್ಲ, ಇಬ್ಬರು ಅಂತ ತೋರಿಸಿದರು. ಒಬ್ಬ ಹೊರಗಿನವ: ಕುದುರೆ ಮೂತ್ರದಿಂದ ಏಳುವ ಅಮೋನಿಯಾ. ಕಲಾಯಿ ಹಾಕುವವರು ಕಾದ ಪಾತ್ರೆಗೆ ನವಸಾಗರ ಉದುರಿಸಿದಾಗ ಮೂಗಿಗೆ ಹೊಡೆಯುವ ಘಾಟಿನ ಬಳಗದವನೇ ಇವನು. ತೇವದ ಗಾಳಿಯಲ್ಲಿ ಅಮೋನಿಯಾ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಇನ್ನೊಬ್ಬ ಒಳಗಿನವ: ತಯಾರಿಕೆಯಲ್ಲೇ ಲೋಹದೊಳಗೆ ಉಳಿದ ಬಿಗುವು. ಅಮೋನಿಯಾ ಲೋಹದ ಹರಳುಗಳ ಸಂದಿಯಲ್ಲಿ ಸಣ್ಣ ದಾರಿ ಕೊರೆಯುತ್ತದೆ, ಬಿಗುವು ಅದನ್ನು ಎಳೆದು ಅಗಲ ಮಾಡುತ್ತದೆ. ಇಬ್ಬರೂ ಸೇರಿದರೆ ಮಾತ್ರ ಬಿರುಕು. ಮಳೆಗಾಲ ತೇವ ಕೊಟ್ಟಿತು, ಪೆಟ್ಟಿಗೆಗಳನ್ನು ಲಾಯಕ್ಕೆ ಸೇರಿಸಿತು. ಅದರ ಪಾಲು ಅಷ್ಟೇ.

ಪರಿಹಾರವೂ ಎರಡು ಕಡೆಯಿಂದ. ಮದ್ದುಗುಂಡನ್ನು ಅಮೋನಿಯಾದಿಂದ ದೂರ ಇಡಿ. ಹಿತ್ತಾಳೆಯನ್ನು ಹದವಾಗಿ ಕಾಯಿಸಿ ಬಿಗುವು ಇಳಿಸಿ. 250-300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖಕ್ಕೆ ಗಡಸುತನ ಹೋಗದೆ ಒಳಬಿಗುವು ಇಳಿಯುತ್ತದೆ. ಇನ್ನೂ ಮೇಲಕ್ಕೆ ಕಾಯಿಸಿದರೆ ಲೋಹವೇ ಮೆದುವಾಗುತ್ತದೆ. ಕುತ್ತಿಗೆಗೆ ಸ್ವಲ್ಪ ಮೆದು ಬೇಕು, ಆದರೆ ತೀರಾ ಮೆದುವಾದರೆ ಹಿಡಿಯುವ ಹಟವೇ ಹೋಗಿ ಗುಂಡು ಮತ್ತೆ ಸಡಿಲ. ಕೇಸಿನ ಬುಡ ಮಾತ್ರ ಗಡುಸಾಗಿಯೇ ಇರಬೇಕು, ಸ್ಫೋಟದ ಒತ್ತಡ ತಡೆಯುವುದು ಅದೇ. ಅಮೆರಿಕದ ಸೇನೆಯ ಕಾಡತೂಸುಗಳ ಕುತ್ತಿಗೆಯಲ್ಲಿ ಇಂದಿಗೂ ಒಂದು ನೀಲಿ-ಕಂದು ಛಾಯೆ ಕಾಣುತ್ತದೆ. ಅದು ಕೊಳೆಯಲ್ಲ, ಕಾಯಿಸಿದ ಗುರುತು.

ಈ ಕಥೆ ಕಾಡತೂಸಿಗೆ ಮುಗಿಯಲಿಲ್ಲ. ಒಳಗಿನ ಬಿಗುವು, ಹೊರಗಿನ ರಾಸಾಯನಿಕ ಸೇರಿ ಲೋಹವನ್ನು ಸದ್ದಿಲ್ಲದೆ ಸೀಳುವ ಈ ಬಗೆಯನ್ನು ಎಂಜಿನಿಯರುಗಳು ಈಗ ‘ಸ್ಟ್ರೆಸ್ ಕರೋಷನ್’ ಅನ್ನುತ್ತಾರೆ. 1967ರ ಡಿಸೆಂಬರ್ 15ರ ಸಂಜೆ ಅಮೆರಿಕದ ಓಹಿಯೋ ನದಿಯ ಮೇಲಿನ ಸಿಲ್ವರ್ ಬ್ರಿಜ್ ಟ್ರಾಫಿಕ್ಕಿನ ಸಮೇತ ಕುಸಿದು 46 ಜನ ಸತ್ತರು. ತನಿಖೆ ಹೋಗಿ ನಿಂತದ್ದು ಒಂದೇ ಉಕ್ಕಿನ ಕೊಂಡಿಯ ತೂತಿನಂಚಿನಲ್ಲಿದ್ದ ಸಣ್ಣ ಬಿರುಕಿನ ಮುಂದೆ. ಅದು ಬೆಳೆದ ಕಾರಣಗಳಲ್ಲಿ ಇದೂ ಒಂದು. ಕೊಂಡಿಗಳನ್ನು ಜೋಡಿಸಿದ್ದ ರೀತಿಯಿಂದಾಗಿ ಆ ಜಾಗ ತಪಾಸಣೆ ಮಾಡುವವರ ಕಣ್ಣಿಗೇ ಬೀಳುವಂತಿರಲಿಲ್ಲ. ಅಮೆರಿಕದಲ್ಲಿ ದೇಶವ್ಯಾಪಿ ಸೇತುವೆ ತಪಾಸಣೆಯ ನಿಯಮಗಳು ಬಂದದ್ದು ಇದಾದ ಮೇಲೆಯೇ.

ಲಾಯದಲ್ಲಿ ಪೆಟ್ಟಿಗೆ ಇಟ್ಟ ಸಿಪಾಯಿಗೆ ಕುತ್ತಿಗೆಯೊಳಗಿನ ಬಿಗುವು ಕಾಣಲು ಸಾಧ್ಯವಿರಲಿಲ್ಲ. ಕೇಸು ಎಳೆದ ಕಾರ್ಖಾನೆಯವರಿಗೆ ಅದು ಎಂಥಾ ಗಾಳಿಯಲ್ಲಿ ಕೂರುತ್ತದೆ ಅಂತ ಗೊತ್ತಿರಲಿಲ್ಲ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದ ದಿನ ಮಳೆಗಾಲದ ತಲೆಯ ಮೇಲಿದ್ದ ಆರೋಪ ಇಳಿಯಿತು. ಹೆಸರು ಮಾತ್ರ ಹಾಗೇ ಉಳಿಯಿತು. ಪಠ್ಯಪುಸ್ತಕಗಳಲ್ಲಿ ಇಂದಿಗೂ ಅದು ಸೀಸನ್ ಕ್ರ್ಯಾಕಿಂಗೇ.