ಇ-ಓದುಗೆಯಲ್ಲಿ ಕನ್ನಡ: ಅಚ್ಚುಮೊಳೆಯಿಂದ ಫಾಂಟಿನವರೆಗೆ

ನಮ್ಮ ತಂದೆಯವರು ಶಾಲಾ ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದ ಬಳಿಕ ಗಣಕದಲ್ಲಿ ಬೆರಳಚ್ಚು ಕಲಿತು, ತಮ್ಮ ಬಾಲ್ಯದ ಊರು, ಬಂಧುಗಳು, ಮಲೆನಾಡಿನ ಮಳೆಗಾಲಗಳ ಕುರಿತು ನೂರಾರು ಪುಟಗಳನ್ನು ಬರೆದಿಟ್ಟಿದ್ದರು. ಅವರು ತೀರಿಕೊಂಡು ಎರಡು ವರ್ಷಗಳಾದ ಮೇಲೆ ಆ ಕಡತಗಳಿದ್ದ ಒಂದು ಸಿ.ಡಿ. ಜರ್ಮನಿಯ ನಮ್ಮ ಮನೆಗೆ ಬಂದಿತು. ತೆರೆದು ನೋಡಿದರೆ ಒಂದು ಅಕ್ಷರವೂ ಕನ್ನಡವಲ್ಲ. ತಲೆಯ ಮೇಲೆ ಚುಕ್ಕೆ, ಗೆರೆಗಳನ್ನು ಹೊತ್ತ ರೋಮನ್ ಲಿಪಿಯ ಅರ್ಥವಿಲ್ಲದ ಸಾಲುಗಳು. ಕೊನೆಯ ವರ್ಷಗಳಲ್ಲಿ ತಂದೆಯವರಿಗೆ ಲಘು ಪಾರ್ಶ್ವವಾಯುವಾಗಿತ್ತು. ವೈದ್ಯರಾದ ನಮ್ಮ ಮನಸ್ಸಿಗೆ ಮೊದಲು ಹೊಳೆದದ್ದು ಭಾಷಾಶಕ್ತಿ ಕುಂದುವ ಅಫೇಸಿಯಾ ಎಂಬ ವ್ಯಾಧಿ. ಇಷ್ಟು ಪುಟಗಳನ್ನು ಅವರು ಹೀಗೆಯೇ ಬಡಿದುಕೊಂಡು ಕುಳಿತಿದ್ದರೇ ಎಂದು ಆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಸ್ನೇಹಿತರೊಬ್ಬರು ನೋಡಿ ನಕ್ಕರು. ‘ಇದು ಹಳೆಯ ನುಡಿಯಲ್ಲಿ ಬರೆದದ್ದು. ನಿಮ್ಮಲ್ಲಿ ಫಾಂಟ್ ಇಲ್ಲ, ಅಷ್ಟೇ’ ಎಂದರು.

ಆ ‘ಅಷ್ಟೇ’ ಎಂಬುದರ ಹಿಂದೆ ಇನ್ನೂರು ವರ್ಷಗಳ ಇತಿಹಾಸವಿದೆ. ಅದರ ಒಂದು ಎಳೆ ನಾವು ವಾಸಿಸುವ ಈ ವ್ಯೂರ್ಟೆಂಬರ್ಗ್ ಪ್ರಾಂತ್ಯಕ್ಕೇ ಬಂದು ಮುಟ್ಟುತ್ತದೆ.

ಕನ್ನಡಕ್ಕೆ ಅಚ್ಚುಮೊಳೆ ದೊರೆತದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಮುದ್ರಣವಾದದ್ದು ದೂರದ ಬಂಗಾಳದ ಶ್ರೀರಾಮಪುರದಲ್ಲಿ. ಕನ್ನಡದ ಮೊಳೆ ಎರಕ ಹೊಯ್ಯುವುದು ಸುಲಭದ ಕೆಲಸವಾಗಿರಲಿಲ್ಲ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳ ಎರಡು ರೂಪಗಳು ಸಾಕು. ನಮ್ಮ ಮೂವತ್ತನಾಲ್ಕು ವ್ಯಂಜನಗಳ ಕಾಗುಣಿತವೇ ನಾನೂರನ್ನು ದಾಟುತ್ತದೆ. ಇನ್ನು ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಕೂರುತ್ತವೆ. ಸೀಸದ ಚೌಕಟ್ಟಿನ ತುಂಡುಗಳಲ್ಲಿ ಮೇಲೊಂದು ಕೆಳಗೊಂದು ಅಕ್ಷರವನ್ನು ಕೂಡಿಸುವುದು ಮೊಳೆ ಜೋಡಿಸುವವನ ತಾಳ್ಮೆಯ ಪರೀಕ್ಷೆಯೇ ಆಗಿತ್ತು.

ಈ ತೊಡಕಿನಿಂದ ತಪ್ಪಿಸಿಕೊಳ್ಳಲು ಒಂದು ಒಳದಾರಿಯಿತ್ತು. 1796ರ ಸುಮಾರಿಗೆ ಬವೇರಿಯಾದಲ್ಲಿ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚಿನಲ್ಲಿ ಮೊಳೆಯೇ ಬೇಡ. ಜಿಡ್ಡಿನ ಶಾಯಿಯಲ್ಲಿ ಬರೆದ ಬರಹವನ್ನು ಸುಣ್ಣಕಲ್ಲಿನ ಮೇಲೆ ಮೂಡಿಸಿ, ಕಾಗದವನ್ನು ಒತ್ತಿದರೆ ಮುಗಿಯಿತು. ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದೇ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋದಾಗ ಅದಕ್ಕೆ ಅಚ್ಚುಮೊಳೆಯ ಭಾಗ್ಯ ದೊರೆಯಿತು. ಅರ್ಧ ಶತಮಾನದ ಬಳಿಕ, 1894ರಲ್ಲಿ, ಫರ್ಡಿನಾಂಡ್ ಕಿಟ್ಟೆಲರ ಸುಮಾರು 70,000 ಪದಗಳ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಮೊಳೆಯಲ್ಲಿಯೇ ಅಚ್ಚಾಗಿ ಬಂದಿತು. ಮೋಗ್ಲಿಂಗರು ಎಸ್ಲಿಂಗನ್‌ನಲ್ಲಿಯೂ ಕಿಟ್ಟೆಲರು ಟ್ಯೂಬಿಂಗನ್‌ನಲ್ಲಿಯೂ ಕಣ್ಮುಚ್ಚಿದರು. ನಮ್ಮಲ್ಲಿ ಹಲವರು ಪ್ರತಿದಿನ ಕೆಲಸಕ್ಕೆ ಹೋಗುವ ರೈಲುಗಳು ಈ ಎರಡು ಊರುಗಳಲ್ಲಿಯೂ ನಿಲ್ಲುತ್ತವೆ.

ಕಲ್ಲಚ್ಚು ಮತ್ತು ಮೊಳೆಗಳ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ, ಏಕೆಂದರೆ ಇಂದಿನ ಸಾಧನಗಳಲ್ಲಿಯೂ ಅದೇ ಭೇದವಿದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಎಂಬುದು ಕಲ್ಲಚ್ಚಿನ ಮೊಮ್ಮಗ. ಅದು ಅಕ್ಷರದ ಚಿತ್ರ. ಫಾಂಟ್ ಇಲ್ಲದಿದ್ದರೂ ಕಾಣುತ್ತದೆ, ಆದರೆ ಹಿಗ್ಗಿಸಿದರೆ ಸಾಲು ಪರದೆಯಿಂದಾಚೆ ಓಡುತ್ತದೆ. ಇಪಬ್ ಮಾದರಿಯ ಪುಸ್ತಕವಾದರೋ ಮೊಳೆಯ ವಂಶದ್ದು. ಅಕ್ಷರವನ್ನು ದೊಡ್ಡದು ಮಾಡಿದಂತೆ ಸಾಲುಗಳು ತಾವೇ ಮುರಿದು ಹೊಂದಿಕೊಳ್ಳುತ್ತವೆ. ಕಣ್ಣಿನ ಅಕ್ಷಿಪಟಲ ಸವೆದ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ.

ಗಣಕದ ಕಾಲಕ್ಕೆ ಬಂದಾಗ ಹಳೆಯ ಸಮಸ್ಯೆಯೇ ಹೊಸ ವೇಷದಲ್ಲಿ ಎದುರಾಯಿತು. ಆಗಿನ ಫಾಂಟ್‌ಗಳಲ್ಲಿದ್ದುದು 256 ಮನೆಗಳು ಮಾತ್ರ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಆ ಮನೆಗಳಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಿ ನಮ್ಮವರು ಕೆಲಸ ಸಾಗಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವು ಸಾಮಾನ್ಯರ ಬೆರಳಿಗೆ ಕನ್ನಡವನ್ನು ತಂದಿತು. ನಮ್ಮ ತಂದೆಯವರಂಥ ಸಾವಿರಾರು ಮಂದಿ ಇವುಗಳಿಂದಲೇ ಲೇಖಕರಾದರು. ಆ ಉಪಕಾರವನ್ನು ಮರೆತು ಇಂದು ಹಳೆಯ ವ್ಯವಸ್ಥೆಯನ್ನು ಹಳಿಯುವುದು ಸರಿಯಲ್ಲವೆಂದು ನಮ್ಮ ಭಾವನೆ. ಆದರೆ ಅದಕ್ಕೊಂದು ಬೆಲೆಯಿತ್ತು: ಕಡತದೊಳಗೆ ಇದ್ದುದು ಕನ್ನಡವಲ್ಲ, ಕನ್ನಡದ ಮುಖವಾಡ ತೊಟ್ಟ ರೋಮನ್ ಸಂಕೇತಗಳು. ಫಾಂಟ್ ಕಳಚಿದರೆ ಮುಖವಾಡವೂ ಕಳಚುತ್ತಿತ್ತು.

ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ನೆಲೆಯನ್ನು ನೀಡಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಫಾಂಟ್ ಮನೆಮನೆಗೆ ಬಂದಿತು. ಇಲ್ಲಿ ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಕೂಡಿಡಲಾಗುತ್ತದೆ. ಅವುಗಳನ್ನು ಒತ್ತಾಗಿಯೋ ಅರ್ಕಾವತ್ತಾಗಿಯೋ ಹೆಣೆಯುವ ಕೆಲಸ ಫಾಂಟಿನದು ಮತ್ತು ಅದನ್ನು ಓದಿಕೊಳ್ಳುವ ತಂತ್ರಾಂಶದ್ದು. ಎರಡೂ ಬೇಕು. ಒಳ್ಳೆಯ ಫಾಂಟನ್ನು ಹಾಕಿದ ಮೇಲೂ ‘ಕ್ಷ’ ಒಡೆದು ಕ, ಅರ್ಧಾಕ್ಷರದ ಚಿಹ್ನೆ, ಷ ಎಂದು ಕಂಡರೆ ಫಾಂಟನ್ನು ದೂರಿ ಪ್ರಯೋಜನವಿಲ್ಲ; ಸಾಧನದ ತಂತ್ರಾಂಶಕ್ಕೆ ಹೆಣಿಗೆ ತಿಳಿದಿಲ್ಲ. ಬರಿಯ ಖಾಲಿ ಚೌಕಗಳು ಕಂಡರೆ ಮಾತ್ರ ಅದು ಫಾಂಟಿನ ಅಭಾವ. ಈ ಎರಡು ರೋಗಲಕ್ಷಣಗಳನ್ನು ಬೇರ್ಪಡಿಸಿ ನೋಡಿದರೆ ಅರ್ಧ ಚಿಕಿತ್ಸೆ ಆದಂತೆಯೇ.

ಓದುವ ಸಾಧನಗಳ ಲೋಕದಲ್ಲಿ ಕನ್ನಡ ಬಾಗಿಲ ಹೊರಗೆ ಬಹುಕಾಲ ಕಾಯಬೇಕಾಯಿತು. ಕಿಂಡಲ್ 2007ರಲ್ಲಿ ಬಂದರೂ, 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳಿಗೆ ಅದರ ಅಂಗಡಿ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗಿದ್ದವು, ಕನ್ನಡವಿರಲಿಲ್ಲ. 2018ರಲ್ಲಿ ಓದುಗರು ತಮ್ಮದೇ ಫಾಂಟನ್ನು ಸೇರಿಸಿಕೊಳ್ಳುವ ಅವಕಾಶವನ್ನು ಕಿಂಡಲ್ ನೀಡಿತು. ಕೋಬೋದಲ್ಲಿ ಅದು ಮೊದಲೇ ಇತ್ತು.

ವಿಧಾನ ಸರಳ. ಸಾಧನವನ್ನು ಕೇಬಲಿನಿಂದ ಗಣಕಕ್ಕೆ ಜೋಡಿಸಿದರೆ ಕಿಂಡಲ್‌ನಲ್ಲಿ ‘ಫಾಂಟ್ಸ್’ ಎಂಬ ಕಡತಕೋಶ ಕಾಣುತ್ತದೆ. ಕೋಬೋದಲ್ಲಿ ಅದೇ ಹೆಸರಿನದನ್ನು, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ನಾವೇ ಸೃಷ್ಟಿಸಬೇಕು. ಟಿಟಿಎಫ್ ಅಥವಾ ಓಟಿಎಫ್ ಕಡತಗಳನ್ನು ಅದರೊಳಗೆ ನಕಲಿಸಿ, ಸಾಧನವನ್ನು ಕ್ರಮವಾಗಿ ಬೇರ್ಪಡಿಸಿ, ಪುಸ್ತಕ ತೆರೆದು ಅಕ್ಷರ ವಿನ್ಯಾಸದ ಪಟ್ಟಿಯಲ್ಲಿ ಆರಿಸಿಕೊಳ್ಳಬೇಕು. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಮೊದಲಾದವು ಮುಕ್ತ ಪರವಾನಗಿಯವು, ನಿಶ್ಚಿಂತೆಯಿಂದ ಹಂಚಿಕೊಳ್ಳಬಹುದು. ಹತ್ತಾರು ಫಾಂಟ್‌ಗಳನ್ನು ತುಂಬಿಕೊಳ್ಳುವ ಉತ್ಸಾಹ ಬೇಡ. ಒಂದೇ ಕುಟುಂಬದ ಸಾಮಾನ್ಯ ಮತ್ತು ದಪ್ಪ ರೂಪಗಳೆರಡು ಸಾಕು. ದಪ್ಪ ರೂಪವನ್ನು ಬಿಟ್ಟರೆ ಸಾಧನವು ಅಕ್ಷರವನ್ನು ತಾನೇ ಉಬ್ಬಿಸಿ ಒತ್ತುಗಳನ್ನು ಮಸಿಯಾಗಿಸಬಹುದು. ಸಾಲುಗಳ ನಡುವಣ ಅಂತರವನ್ನು ಇಂಗ್ಲಿಷಿಗಿಂತ ತುಸು ಹೆಚ್ಚಿಸಿ. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಊರಿನ ಬಂಧುಗಳಿಗೆ ಪುಸ್ತಕ ಕಳುಹಿಸುವುದಾದರೆ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶದಿಂದ ಫಾಂಟನ್ನು ಇಪಬ್ ಪುಸ್ತಕದೊಳಗೇ ಹುದುಗಿಸಬಹುದು.

ಹಾಕಿದ ಫಾಂಟನ್ನು ಪರೀಕ್ಷಿಸಲು ನಾವು ಕಣ್ಣಿನ ವೈದ್ಯರ ಫಲಕದಂತೆ ನಾಲ್ಕು ಪದಗಳನ್ನು ಇಟ್ಟುಕೊಂಡಿದ್ದೇವೆ: ಸ್ತ್ರೀ, ರಾಷ್ಟ್ರ, ಅರ್ಘ್ಯ, ರ‍್ಯಾಂಕ್. ಕೊನೆಯದೇ ಕಠಿಣ. ಅಲ್ಲಿ ಅರ್ಕಾವತ್ತು ಬರಕೂಡದು, ರಕಾರಕ್ಕೆ ಯ ಒತ್ತು ಬರಬೇಕು. ನಾಲ್ಕೂ ಸರಿಯಾಗಿ ಮೂಡಿದರೆ ಆ ಸಾಧನದಲ್ಲಿ ಕಾದಂಬರಿ ಓದಬಹುದು.

ತಂದೆಯವರ ಕಡತಗಳನ್ನು ಪರಿವರ್ತಕವೊಂದರ ಮೂಲಕ ಯೂನಿಕೋಡಿಗೆ ತಂದೆವು. ಹಳೆಯ ವ್ಯವಸ್ಥೆಯಲ್ಲಿ ಅರ್ಕಾವತ್ತು ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ, ಕುಳಿತಿರುತ್ತದೆ. ಯೂನಿಕೋಡಿನಲ್ಲಿ ಅದು ಮೊದಲಿಗೆ ಬರಬೇಕು. ಪರಿವರ್ತಕ ಎಡವಿದಲ್ಲೆಲ್ಲ ‘ಕರ್ನಾಟಕ’ವು ‘ಕನಾರ್ಟಕ’ವಾಯಿತು, ‘ಧರ್ಮ’ವು ‘ಧಮರ್’ ಆಯಿತು. ಪ್ರತಿ ಭಾನುವಾರ ದೂರವಾಣಿಯಲ್ಲಿ ನಾವು ಓದುವುದು, ಊರಿನಲ್ಲಿರುವ ತಾಯಿಯವರು ತಿದ್ದುವುದು ಎಂಬ ಪದ್ಧತಿ ಏರ್ಪಟ್ಟಿತು. ಕೆಲವೊಮ್ಮೆ ಅವರು ಕಾಗುಣಿತವನ್ನಲ್ಲ, ಘಟನೆಯನ್ನೇ ತಿದ್ದುತ್ತಿದ್ದರು: ‘ಅದು ಹಾಗಲ್ಲ, ಆ ಮಳೆಗೆ ಕೊಡೆ ಮರೆತು ಬಂದವರು ಅವರೇ.’

ಕಳೆದ ಬೇಸಿಗೆಯಲ್ಲಿ ತಾಯಿಯವರು ಇಲ್ಲಿಗೆ ಬಂದಾಗ ಆ ಪುಸ್ತಕವನ್ನು ನೋಟೋ ಸೆರಿಫ್‌ನಲ್ಲಿ, ಪುಟಕ್ಕೆ ಒಂಬತ್ತೇ ಸಾಲು ಹಿಡಿಸುವಷ್ಟು ದೊಡ್ಡ ಅಕ್ಷರಗಳಲ್ಲಿ, ಕೈಗಿತ್ತೆವು. ಕಿಟಕಿಯ ಬಳಿ ಕುಳಿತು ಮೂರು ದಿನಗಳಲ್ಲಿ ಮುಗಿಸಿದರು. ಇನ್ನೂ ಎರಡು ಕಡತಗಳು ಪರಿವರ್ತನೆಗೆ ಬಾಕಿಯಿವೆ.

ಸದಸ್ಯ ಕುಟುಂಬಗಳಲ್ಲಿ ಯಾರ ಬಳಿಯಾದರೂ ಇಂಥ ಹಳೆಯ ಕಡತಗಳಿದ್ದರೆ ಮುಂದಿನ ಕೂಟಕ್ಕೆ ಅವುಗಳನ್ನು, ತಮ್ಮ ಓದುಗೆಯನ್ನು ಮತ್ತು ಅದರ ಕೇಬಲನ್ನು ತರಬೇಕಾಗಿ ವಿನಂತಿ. ಚಾರ್ಜ್ ಮಾಡಲು ಮಾತ್ರ ಬರುವ ಕೇಬಲ್ ಈ ಕೆಲಸಕ್ಕೆ ಒದಗುವುದಿಲ್ಲ.