ಫ್ರೆಂಚಿಗೆ ದಕ್ಕದೇ ಹೋದ ‘ಆ’

ಸಂಶೋಧನೆಗೆ ಬೇಕಾದ ಕೆಲವು ಕಾಗದಪತ್ರಗಳು ಫ್ರೆಂಚಿನಲ್ಲಿದ್ದವು. ಹಾಗಾಗಿ ಪಿಎಚ್.ಡಿ.ಯ ಎರಡನೇ ವರ್ಷ ಸಂಜೆ ತರಗತಿಯೊಂದಕ್ಕೆ ಸೇರಿಕೊಂಡೆ. ಮೂರನೇ ವಾರ ಪ್ರಶ್ನೆ ಕೇಳುವ ಪಾಠ ಬಂತು. ‘ನೀನು ಬರ್ತೀಯಾ?’ ಎಂಬಷ್ಟಕ್ಕೇ ಬೋರ್ಡಿನ ಮೇಲೆ ಮೂರು ಸಾಲು. ‘ತ್ಯು ವಿಯೆಂ?’ ಎನ್ನಬಹುದು, ‘ನೀನು ಬರುತ್ತೀ’ ಎಂಬ ಹೇಳಿಕೆಯನ್ನೇ ದನಿ ಏರಿಸಿ ನಿಲ್ಲಿಸಿದರಾಯಿತು. ಮುಂದೆ ‘ಎಸ್ಕ’ ಸೇರಿಸಿ ‘ಎಸ್ಕ ತ್ಯು ವಿಯೆಂ?’ ಎನ್ನಬಹುದು. ಅಥವಾ ಕ್ರಿಯಾಪದವನ್ನು ಮುಂದಕ್ಕೆ ತಂದು ‘ವಿಯೆಂ-ತ್ಯು?’ ಎನ್ನಬಹುದು. ಮೊದಲನೆಯದು ಸಲಿಗೆಯ ಮಾತಿಗೆ, ಎರಡನೆಯದು ಎಲ್ಲ ಕಡೆಗೂ, ಮೂರನೆಯದು ಬರವಣಿಗೆಗೆ ಎಂದರು ಮೇಡಂ. ಒಂದು ಪ್ರಶ್ನೆಗೆ ಮೂರು ವೇಷ ಯಾಕೆ ಎಂದು ಕೇಳಿದೆ. ‘ಅದು ಹಾಗೇ, ಬಾಯಿಪಾಠ ಮಾಡಿ’ ಎಂದರು.

ಆದರೆ ಅದು ಮೊದಲಿಂದ ಹಾಗೇ ಇದ್ದದ್ದಲ್ಲ. ಫ್ರೆಂಚಿನ ತಾಯಿಯಾದ ಲ್ಯಾಟಿನ್ನಿನಲ್ಲಿ ನಮ್ಮ ‘ಆ’, ‘ಏ’ಗಳಂಥದ್ದೇ ಒಂದು ಪ್ರತ್ಯಯವಿತ್ತು: ‘ನೆ’. ಪದದ ಬಾಲಕ್ಕೆ ಅಂಟಿಸಿದರೆ ಹೇಳಿಕೆ ಪ್ರಶ್ನೆಯಾಗುತ್ತಿತ್ತು. ಫ್ರೆಂಚ್ ರೂಪುಗೊಳ್ಳುವ ಹೊತ್ತಿಗೆ ಆ ‘ನೆ’ ಸವೆದು ಮಾಯವಾಗಿತ್ತು. ಹಳೆಯ ಫ್ರೆಂಚಿನವರು ಕ್ರಿಯಾಪದವನ್ನು ಮುಂದಿಟ್ಟು ಕೇಳಿದರು. ಆಗ ‘ನೀನು’, ‘ಅವನು’ ಮಾತ್ರವಲ್ಲ, ಹೆಸರುಗಳೂ ಕ್ರಿಯಾಪದದ ಹಿಂದೆ ಹೋಗಬಹುದಿತ್ತು. ಕಾಲಕ್ರಮೇಣ ಕರ್ತೃಪದ ವಾಕ್ಯದ ಮೊದಲಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಆದ್ದರಿಂದ ‘ಪಿಯೆರ್ ಬರುತ್ತಾನಾ?’ ಎನ್ನಲು ‘ಪಿಯೆರ್ ವಿಯೆಂತಿಲ್?’ ಎಂಬ ವಿಚಿತ್ರ ರಾಜಿ ಹುಟ್ಟಿತು. ಪಿಯೆರ್ ಇದ್ದಲ್ಲೇ ಇರುತ್ತಾನೆ, ಅವನ ಬದಲಿಗೆ ‘ಇಲ್’, ಅಂದರೆ ‘ಅವನು’, ಹಿಂದಕ್ಕೆ ಹೋಗಿ ನಿಲ್ಲುತ್ತಾನೆ. ಅಕ್ಷರಶಃ: ಪಿಯೆರ್ ಬರುತ್ತಾನೆ ಅವನು?

ಇಲ್ಲಿ ‘ತ’ಕಾರದ ಕಥೆ ಹೇಳಲೇಬೇಕು. ‘ವಿಯೆಂ’ ಪದದ ಕೊನೆಯಲ್ಲಿ ಬರೆದೂ ಉಚ್ಚರಿಸದ ‘ತ್’ ಒಂದಿದೆ. ಮುಂದೆ ‘ಇಲ್’ ಬಂದಾಗ ಅದು ಎಚ್ಚರಗೊಳ್ಳುತ್ತದೆ. ‘ಎಮ್’ (ಪ್ರೀತಿಸುತ್ತಾನೆ) ಎಂಬಲ್ಲಿ ಅಂಥ ‘ತ್’ ಇಲ್ಲ. ಲ್ಯಾಟಿನ್ನಿನ ‘ಅಮತ್’ನಲ್ಲಿ ಇದ್ದದ್ದು ಎಂದೋ ಉದುರಿತ್ತು. ಆದರೂ ಜನ ‘ವಿಯೆಂತಿಲ್’ ಕೇಳಿ ಕೇಳಿ ‘ಎಮ್ತಿಲ್’ ಎಂದೂ ಹೇಳತೊಡಗಿದರು. 16ನೇ ಶತಮಾನದ ವ್ಯಾಕರಣಕಾರರು ಬರಹದಲ್ಲಿಲ್ಲದ ಈ ‘ತ್’ ಬಾಯಲ್ಲಿರುವುದನ್ನು ಗುರುತಿಸಿದ್ದರು; ಮುಂದೆ ಬರಹವೂ ಅದನ್ನು ಒಪ್ಪಿಕೊಂಡಿತು. ಇಂದು ಅದನ್ನು ಬಿಟ್ಟರೆ ನಮ್ಮ ಅಂಕ ಹೋಗುತ್ತದೆ! ಬಾಯಿಯ ಹಟಕ್ಕೆ ಪುಸ್ತಕ ಮಣಿದ ಪ್ರಸಂಗ ಇದು.

ಮುಂದಿನ ಹಟಕ್ಕೆ ಅದು ಮಣಿಯಲಿಲ್ಲ. ಆಡುಮಾತಿನಲ್ಲಿ ‘ಇಲ್’ ಪದದ ‘ಲ್’ ಬಿದ್ದುಹೋಗಿ ‘ಪಿಯೆರ್ ವಿಯೆಂತಿ?’ ಎಂದಾಯಿತು. ಪಿಯೆರ್ ಹೇಗೂ ಮುಂದಿದ್ದಾನಲ್ಲ. ಹಿಂದಿನ ‘ತಿ’ ಯಾರು? ‘ಅವನು’ ಎಂಬ ಅರ್ಥ ಅಳಿಸಿಹೋಗಿ, ‘ತಿ’ ಬರಿಯ ಪ್ರಶ್ನೆಯ ಗುರುತಾಗಿ ಉಳಿಯಿತು. ಆಮೇಲೆ ನಾನು, ನೀನು, ಅದು ಎಲ್ಲದಕ್ಕೂ ‘ತಿ’ ಹತ್ತಿಕೊಂಡಿತು. ಕ್ರಿಯಾಪದಕ್ಕೆ ‘ಆ’ ಹಚ್ಚಿದಷ್ಟೇ ಸಲೀಸು. ಲ್ಯಾಟಿನ್ ಕಳೆದುಕೊಂಡದ್ದನ್ನು ಓದುಬರಹವಿಲ್ಲದ ಜನ ನೂರಾರು ವರ್ಷದ ಮೇಲೆ ಮತ್ತೆ ಮಾಡಿಕೊಂಡಿದ್ದರು. ವಿದ್ವಾಂಸ ಗಾಸ್ತೋಂ ಪಾರಿ 1877ರಲ್ಲಿ ಈ ‘ತಿ’ಯ ಮೇಲೆಯೇ ಒಂದು ಲೇಖನ ಬರೆದ. ಆದರೆ ಕತೆಗಾರರ ಕೈಯಲ್ಲಿ ಅದು ಹಳ್ಳಿಗರ ಗುರುತಾಗಿತ್ತು. 1881–82ರ ಕಾನೂನುಗಳು ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದ ಮೇಲೆ ಮಕ್ಕಳೆಲ್ಲ ಕಲಿತದ್ದು ಪುಸ್ತಕದ ಫ್ರೆಂಚು. ಅದರಲ್ಲಿ ‘ತಿ’ಗೆ ಜಾಗವಿರಲಿಲ್ಲ.

ಜಾಗ ಸಿಕ್ಕಿದ್ದು ‘ಎಸ್ಕ’ಗೆ. ಅದರ ಮೂಲಾರ್ಥ ‘ಇದು ಹೀಗಿದೆಯೇ, ಏನೆಂದರೆ’. ಈಗ ಯಾರೂ ಅದನ್ನು ಬಿಡಿಸಿ ನೋಡುವುದಿಲ್ಲ. ಒಂದೇ ಗುಳಿಗೆಯಂತೆ ನುಂಗುತ್ತಾರೆ. ‘ಇದೇನು?’ ಎನ್ನಲು ‘ಕೆಸ್ಕ ಸೆ ಕ ಸಾ?’ ಎನ್ನುವವರೂ ಇದ್ದಾರೆ. ಬಿಡಿಸುತ್ತಾ ಕೂತರೆ ತಲೆ ತಿರುಗುತ್ತದೆ. ಇದೂ ‘ತಿ’ಯ ಕೆಲಸವನ್ನೇ ಮಾಡುತ್ತದೆ, ಆದರೆ ವಾಕ್ಯದ ಮುಂದೆ ನಿಂತು. ಕ್ರಮ ಕದಲಿಸಬೇಕಿಲ್ಲವಾದ್ದರಿಂದ ಹೊಸಬರಿಗೆ ಇದೇ ಸುಲಭ. ‘ತಿ’ಯೂ ಅಷ್ಟೇ ಸುಲಭವಿತ್ತು. ಒಂದು ಮರ್ಯಾದಸ್ಥರ ಬರಹದಲ್ಲೂ ಓಡಾಡಿತು, ಇನ್ನೊಂದು ಹೊಲದ ಬದುವಿನಲ್ಲೇ ಉಳಿಯಿತು ಎಂಬುದಷ್ಟೇ ವ್ಯತ್ಯಾಸ ಎಂದು ನನಗನ್ನಿಸುತ್ತದೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಮಾತ್ರ ಈ ‘ತಿ’ ‘ತ್ಯು’ ಎಂಬ ರೂಪದಲ್ಲಿ ಇವತ್ತಿಗೂ ಬದುಕಿದೆ. ‘ಸೆ-ತ್ಯು ಲ್ವೆಂ?’ ಅಂದರೆ ‘ದೂರಾನಾ?’ ಇಲ್ಲಿ ‘ತ್ಯು’ಗೆ ‘ನೀನು’ ಎಂಬ ಅರ್ಥವಿಲ್ಲ. ‘ನೀನು ಬರ್ತೀಯಾ?’ ಎನ್ನಲು ‘ತ್ಯು ವಿಯೆಂ-ತ್ಯು?’ ಎನ್ನುತ್ತಾರೆ, ಮೊದಲ ‘ತ್ಯು’ ನೀನು, ಎರಡನೆಯದು ನಮ್ಮ ‘ಆ’. ‘ಯಾರು’, ‘ಎಲ್ಲಿ’ ಎಂಬ ಪ್ರಶ್ನೆಗಳಿಗೆ ಅದನ್ನು ಹಚ್ಚುವುದಿಲ್ಲ. ‘ಎಲ್ಲಿ ಹೋದೆ?’ ಎನ್ನುವಾಗ ನಾವೂ ‘ಆ’ ಹಚ್ಚುವುದಿಲ್ಲವಲ್ಲ.

ಒಂದು ಸಂಜೆ ಇದನ್ನು ಮೇಡಂಗೆ ಹೇಳಿದೆ. ನಕ್ಕರು. ‘ಚೆನ್ನಾಗಿದೆ, ಆದರೆ ಪರೀಕ್ಷೆಯಲ್ಲಿ ಬರೆಯಬೇಡಿ’ ಎಂದರು. ಬರೆಯಲಿಲ್ಲ. ಐದೂ ಪ್ರಶ್ನೆಗಳಿಗೆ ‘ಎಸ್ಕ’ ಹಾಕಿ ಎದ್ದು ಬಂದೆ.